ಹಿತ್ತಿಲ ಗಿಡವೂ ಮನೆಯ ಮಕ್ಕಳೂ

'ಹಿತ್ತಿಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹತ್ತಿರದಲ್ಲಿರುವುದರ ಬೆಲೆಯನ್ನು ಅರಿಯದ ಮನುಷ್ಯಸ್ವಭಾವವನ್ನು ನಮ್ಮ ಹಿರಿಯರು ಈ ಮಾತಿನಿಂದ ಹಾಸ್ಯಮಾಡಿದರು. ಆದರೆ ಅವರ ಕಾಲದಲ್ಲಿ ಗಾದೆಗೆ ಆಧಾರವಾಗಿ ಮನೆಗೊಂದು ಹಿತ್ತಿಲಿದ್ದಿತು, ಹಿತ್ತಿಲಲ್ಲಿ ಗಿಡವಿದ್ದಿತು, ಆ ಗಿಡದ ಹೆಸರನ್ನೂ ಗುಣದೋಷಗಳನ್ನೂ ಬಲ್ಲ ಅಜ್ಜಿಯೊಬ್ಬಳು ಮನೆಯಲ್ಲಿದ್ದಳು. ಈಗ ಎಷ್ಟೋ ಮನೆಗಳಲ್ಲಿ ಈ ಮೂರರಲ್ಲಿ ಒಂದೂ ಉಳಿದಿಲ್ಲ. ಪಟ್ಟಣದ ಮಗು ಕೊತ್ತಂಬರಿಸೊಪ್ಪನ್ನು ಕಟ್ಟಿನ ರೂಪದಲ್ಲಿ ಬಲ್ಲುದೇ ಹೊರತು ನೆಲದ ಮೇಲೆ ನಿಂತ ಗಿಡದ ರೂಪದಲ್ಲಿ ಅರಿಯದು. ಹಳ್ಳಿಯ ಮಗುವಿಗೆ ಗಿಡವು ಕಣ್ಣೆದುರಿಗೇ ಇದ್ದರೂ ಹೆಸರು ಹೇಳಿಕೊಡುವವರಿಗೆ ಬಿಡುವಿಲ್ಲ.

ಗಿಡಮೂಲಿಕೆಗಳ ವಿಷಯವಾಗಿ ಪುಸ್ತಕಗಳೇನೋ ಬೇಕಾದಷ್ಟಿವೆ. ಆದರೆ ಒಂದು ಎಲೆಯನ್ನು ಹೊಸಕಿ, ಮೂಸಿ, 'ಇದು ಇಂಥದೇ' ಎಂದು ಧೈರ್ಯವಾಗಿ ಹೇಳುವ ಅರಿವು ಒಂದು ಕೈಯಿಂದ ಮತ್ತೊಂದು ಕೈಗೆ ದಾಟಿಬರಬೇಕಾದುದು. ನಡುವೆ ಒಂದು ತಲೆಮಾರಿನವರು ಕೈಬಿಟ್ಟರೆ ಅದು ಅಲ್ಲಿಗೇ ನಿಂತುಹೋಗುತ್ತದೆ. ಅದನ್ನು ಮತ್ತೆ ಹರಿಯಿಸಲು ದೊಡ್ಡ ತೋಟವೇನೂ ಬೇಕಾಗಿಲ್ಲ. ಒಂದು ಮಂಚದಷ್ಟು ನೆಲ, ಅದೂ ಇಲ್ಲದಿದ್ದರೆ ಬಿಸಿಲು ಬೀಳುವ ಕಡೆ ಐದಾರು ಕುಂಡಗಳು, ಇವುಗಳ ಜೊತೆಗೆ ಹಿರಿಯರ ಸ್ವಲ್ಪ ತಾಳ್ಮೆ, ಇಷ್ಟಿದ್ದರೆ ಸಾಕು. ಮಕ್ಕಳೊಡನೆ ಇಂಥದೊಂದು ಸರಳವಾದ ಕೈದೋಟವನ್ನು ಹೂಡುವ ಬಗೆಯನ್ನು ಈ ಹೊತ್ತು ವಿಚಾರಮಾಡೋಣ.

ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ, ತೋಟವು ಯಾರದು ಎಂಬುದು. ಜರ್ಮನಿಯ ಶಿಕ್ಷಣತಜ್ಞನಾದ ಫ್ರೀಡ್ರಿಕ್ ಫ್ರೋಬೆಲನು ಎಳೆಯ ಮಕ್ಕಳಿಗಾಗಿ ತಾನು ನಡೆಸುತ್ತಿದ್ದ ಶಾಲೆಗೆ 1840ರಲ್ಲಿ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟನು. ಮಕ್ಕಳ ತೋಟ ಎಂದು ಆ ಮಾತಿನ ಅರ್ಥ. ನಾವು ಶಿಶುವಿಹಾರವೆನ್ನುವುದು ಅದನ್ನೇ. ಆ ಹೆಸರು ಬರಿಯ ಅಲಂಕಾರವಾಗಿರಲಿಲ್ಲ. ಆತನ ಯೋಜನೆಯಲ್ಲಿ ನಿಜವಾದ ತೋಟವೇ ಇದ್ದಿತು: ಎಲ್ಲರೂ ಕೂಡಿ ಬೆಳೆಯುವ ಪಾತಿಗಳು ಕೆಲವು; ಅವಲ್ಲದೆ ಒಂದೊಂದು ಮಗುವಿಗೂ ತನ್ನದೇ ಆದ ಒಂದು ಚಿಕ್ಕ ಪಾತಿ. ಈ ಏರ್ಪಾಡಿನಲ್ಲಿ ಬಹಳ ವಿವೇಕವಿದೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಇಬ್ಬರಿಗೂ ಒಂದೊಂದು ಕುಂಡವನ್ನು ಬೇರೆಬೇರೆಯಾಗಿ ಕೊಟ್ಟು, ಹೆಸರನ್ನು ಅವರ ಕೈಯಿಂದಲೇ ಬರೆಯಿಸಿ, ಉಳಿದುದನ್ನು ಸಾಮಾನ್ಯವಾಗಿಟ್ಟುಕೊಳ್ಳಬೇಕು. ತನ್ನದೆಂಬ ಅಭಿಮಾನವೂ ಎಲ್ಲರದೆಂಬ ಹೊಣೆಯೂ ಆಗ ಒಟ್ಟಿಗೇ ಬೆಳೆಯುತ್ತವೆ.

'ಇದು ನಿನ್ನದು' ಎಂದು ಒಮ್ಮೆ ಹೇಳಿದ ಮೇಲೆ ಹಿರಿಯರು ಕೈಕಟ್ಟಿ ನಿಲ್ಲುವುದನ್ನು ಕಲಿಯಬೇಕು. ಇದು ಮಕ್ಕಳ ಕೆಲಸಕ್ಕಿಂತ ಕಷ್ಟವಾದುದು. ಮಗು ನೀರೆರೆಯುವುದನ್ನು ಮರೆತರೆ ಜ್ಞಾಪಿಸಬಹುದು. ಅದರ ಬದಲು ತಾವೇ ಎರೆದುಬಿಡಬಾರದು. ಗಿಡವೊಂದು ಸತ್ತರೆ, ಮಗುವಿಗೆ ದುಃಖವಾದೀತೆಂದು ರಾತ್ರಿ ಗುಟ್ಟಾಗಿ ಬೇರೊಂದನ್ನು ತಂದು ನೆಡುವ ತಂದೆತಾಯಿಗಳುಂಟು. ಅವರ ಉದ್ದೇಶವು ಒಳ್ಳೆಯದೇ; ಆದರೆ ಅದು ಮೋಸ. ಒಣಗಿದ ಗಿಡವನ್ನು ಮಗುವಿನೊಡನೆ ಕಿತ್ತು ಬೇರನ್ನು ನೋಡಿದರೆ ಕಾರಣವು ಕಣ್ಣಿಗೇ ಕಾಣುತ್ತದೆ. ಬೇರು ಮೆತ್ತಗಾಗಿ ಕೊಳೆತಿದ್ದರೆ ನೀರು ಹೆಚ್ಚಾಯಿತೆಂದೂ, ಮಣ್ಣು ಕಲ್ಲಿನಂತಾಗಿ ಬೇರು ಗರಿಗರಿಯಾಗಿದ್ದರೆ ನೀರು ಸಾಲಲಿಲ್ಲವೆಂದೂ ಊಹಿಸಬಹುದು. ಇಷ್ಟು ತಿಳಿದುಕೊಂಡ ಮಗು ಎರಡನೆಯ ಗಿಡವನ್ನು ಉಳಿಸಿಕೊಳ್ಳುತ್ತದೆ.

ಇನ್ನು ಸ್ಥಳದ ವಿಚಾರ. ದಿನಕ್ಕೆ ನಾಲ್ಕೈದು ಗಂಟೆಗಳ ಬಿಸಿಲು, ಅದರಲ್ಲಿಯೂ ಬೆಳಗಿನ ಬಿಸಿಲು, ಬೀಳುವ ಕಡೆಯು ಉತ್ತಮ. ಅಡಿಗೆಮನೆಗೆ ಸಮೀಪವಾಗಿದ್ದಷ್ಟೂ ಒಳ್ಳೆಯದು. ಕಣ್ಣಿಗೆ ಮರೆಯಾದ ತೋಟವು ಮನಸ್ಸಿಗೂ ಬೇಗನೆ ಮರೆಯಾಗುತ್ತದೆ. ನೆಲದಲ್ಲಿ ಪಾತಿ ಮಾಡುವುದಾದರೆ ಅಗಲವು ಎರಡೂವರೆ ಅಡಿಯನ್ನು ಮೀರದಿರಲಿ. ಆಗ ಮಗುವಿನ ಕೈ ಎರಡು ಬದಿಗಳಿಂದಲೂ ನಡುವಿನವರೆಗೆ ಎಟುಕುತ್ತದೆ, ಪಾತಿಯನ್ನು ತುಳಿಯಬೇಕಾದುದಿಲ್ಲ. ಕುಂಡವಾದರೆ ತಳದಲ್ಲಿ ತೂತಿರುವುದು ಅವಶ್ಯ; ಅದರ ಮೇಲೊಂದು ಮಡಕೆಯ ಚೂರನ್ನು ಬೋರಲಾಗಿಟ್ಟರೆ ಮಣ್ಣು ಸೋರದೆ ನೀರು ಮಾತ್ರ ಇಳಿದುಹೋಗುತ್ತದೆ. ಕೆಮ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು, ಮರಳು ಒಂದು ಪಾಲು, ಇವನ್ನು ಬೆರಸಿದರೆ ಇಂಥ ಗಿಡಗಳಿಗೆ ತಕ್ಕ ಮಣ್ಣು ಸಿದ್ಧವಾಯಿತು. ಹಸಿಯ ಸಗಣಿಯನ್ನು ಹಾಕಬಾರದು. ಅದು ಎಳೆಯ ಬೇರುಗಳನ್ನು ಸುಡುತ್ತದೆ, ಮಕ್ಕಳ ಕೈಗೂ ಹಿತವಲ್ಲ. ಅಕ್ಕಿ ತೊಳೆದ ನೀರನ್ನೂ ತರಕಾರಿ ತೊಳೆದ ನೀರನ್ನೂ ಗಿಡಗಳಿಗೆ ಎರೆಯಬಹುದು. ಸೋಪು ಬೆರೆತ ಬಚ್ಚಲ ನೀರು ತಿನ್ನುವ ಸೊಪ್ಪಿಗೆ ಸಲ್ಲದು.

ಮಣ್ಣಿನಲ್ಲಿ ಆಡುವ ಮಕ್ಕಳ ವಿಷಯದಲ್ಲಿ ಕೆಲವು ಎಚ್ಚರಿಕೆಗಳು ಉಚಿತ. ಧನುರ್ವಾಯುವಿನ ರೋಗಾಣುಗಳು ಮಣ್ಣಿನಲ್ಲಿರುತ್ತವೆಯಾದುದರಿಂದ ಮಗುವಿಗೆ ಅದರ ಚುಚ್ಚುಮದ್ದು ಸಕಾಲದಲ್ಲಿ ಆಗಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಕೆಲಸ ಮುಗಿದೊಡನೆ ಕೈಯನ್ನು ಸೋಪಿನಿಂದ ತೊಳೆಯುವುದನ್ನು ತೋಟದ ಕೊನೆಯ ಕೆಲಸವೆಂದೇ ಎಣಿಸಬೇಕು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಡೆಂಗಿ ಜ್ವರವನ್ನು ಹರಡುವ ಸೊಳ್ಳೆಗಳು ಮೊಟ್ಟೆಯಿಡುತ್ತವೆ. ವಾರಕ್ಕೊಮ್ಮೆಯಾದರೂ ತಟ್ಟೆಯನ್ನು ಬರಿದುಮಾಡಿ ಉಜ್ಜುವ ಕೆಲಸವನ್ನು ಮಕ್ಕಳಿಗೇ ವಹಿಸಿದರೆ ಅವರು ಅದನ್ನು ಅಧಿಕಾರದಿಂದ ನಡೆಯಿಸುತ್ತಾರೆ.

ಕಾಲವನ್ನು ಕುರಿತು ಹೇಳುವುದಾದರೆ, ಮೈಸೂರಿನ ಸುತ್ತಣ ಮೈದಾನದ ಸೀಮೆಯಲ್ಲಿ ಜೂನ್ ತಿಂಗಳ ತುಂತುರುಮಳೆಯ ದಿನಗಳು ಕಡ್ಡಿಗಳನ್ನು ನೆಡಲು ಅನುಕೂಲವಾದವು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಆಗಿನ ಮಳೆಯ ರಭಸಕ್ಕೆ ಸಣ್ಣ ಬೀಜಗಳು ಕೊಚ್ಚಿಹೋಗುವುದರಿಂದ ಬೀಜ ಬಿತ್ತುವುದನ್ನು ಮಳೆ ತಗ್ಗಿದ ಮೇಲೆ ಇಟ್ಟುಕೊಳ್ಳುವುದು ಮೇಲು. ಕೊತ್ತಂಬರಿಗಂತೂ ಅಕ್ಟೋಬರಿನಿಂದ ಜನವರಿಯವರೆಗಿನ ತಂಪು ದಿನಗಳೇ ಇಷ್ಟ. ಬೇಸಗೆಯಲ್ಲಿ ಅದು ಸೊಪ್ಪು ಬಿಡುವ ಮೊದಲೇ ಹೂವಿಗೆ ಬಂದುಬಿಡುತ್ತದೆ.

ಯಾವ ಗಿಡಗಳನ್ನು ಆರಿಸಿಕೊಳ್ಳಬೇಕು? ಮೊದಲ ವರ್ಷಕ್ಕೆ ಐದಾರು ಸಾಕು. ತಪ್ಪುಗಳನ್ನು ಕ್ಷಮಿಸುವ ಗಿಡಗಳಾಗಿರಬೇಕು; ಒಂದೊಂದೂ ಬೇರೊಂದು ಬಗೆಯಲ್ಲಿ ಹುಟ್ಟುವಂಥದಾದರೆ ಮಕ್ಕಳಿಗೆ ಸಸ್ಯಲೋಕದ ನಾನಾ ಉಪಾಯಗಳು ತಿಳಿಯುತ್ತವೆ.

ಮೆಂತ್ಯದಿಂದ ಆರಂಭಿಸುವುದು ಲೇಸು. ಅಡಿಗೆಮನೆಯ ಡಬ್ಬಿಯಿಂದಲೇ ಒಂದು ಹಿಡಿ ಕಾಳನ್ನು ತೆಗೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಿತ್ತಿ, ಅರ್ಧ ಅಂಗುಲದಷ್ಟು ಮಣ್ಣು ಮುಚ್ಚಿದರೆ ಮೂರು ನಾಲ್ಕು ದಿನಗಳಲ್ಲಿ ಮೊಳಕೆ ತಲೆಯೆತ್ತುತ್ತದೆ. ಮೂರು ನಾಲ್ಕು ವಾರಗಳಲ್ಲಿ ಸೊಪ್ಪು ಕೀಳಬಹುದು. ಎಳೆಯ ಮಕ್ಕಳ ತಾಳ್ಮೆಗೆ ಇದಕ್ಕಿಂತ ತಕ್ಕ ಬೆಳೆ ದೊರೆಯದು. ಮೊಳೆತಿದೆಯೇ ಎಂದು ದಿನವೂ ಮಣ್ಣನ್ನು ಕೆದಕಿ ನೋಡುವ ಚಪಲವು ಮಕ್ಕಳಿಗೆ ಸಹಜ. ಅದನ್ನು ಗದರಿಸುವ ಬದಲು, ಒಂದು ಗಾಜಿನ ಲೋಟದ ಒಳಬದಿಗೆ ಒದ್ದೆಬಟ್ಟೆಯನ್ನು ಸುತ್ತಿ, ಗಾಜಿಗೂ ಬಟ್ಟೆಗೂ ನಡುವೆ ನಾಲ್ಕು ಕಾಳುಗಳನ್ನು ಸಿಕ್ಕಿಸಿಟ್ಟರೆ, ನೆಲದೊಳಗೆ ನಡೆಯುವುದೆಲ್ಲ ಕಣ್ಣಿಗೆ ಕಾಣುತ್ತದೆ. ಕಾಳನ್ನು ಹೇಗೆ ತಿರುಗಿಸಿಟ್ಟರೂ ಬೇರು ಬಾಗಿಕೊಂಡು ಕೆಳಕ್ಕೇ ಹೋಗುವುದನ್ನು ಕಂಡು ಹಿರಿಯರೂ ಬೆರಗಾಗುವುದುಂಟು.

ಕೊತ್ತಂಬರಿಯು ತಾಳ್ಮೆಯ ಎರಡನೆಯ ಪಾಠ. ನಾವು ಒಂದೇ ಬೀಜವೆಂದು ತಿಳಿಯುವ ಆ ದುಂಡನೆಯ ಕಾಳು ವಾಸ್ತವವಾಗಿ ಎರಡು ಬೀಜಗಳು ಜೋಡಿಯಾಗಿರುವ ಒಂದು ಕಾಯಿ. ಅದನ್ನು ಹಲಗೆಯ ಮೇಲೆ ಮೆಲ್ಲನೆ ಒತ್ತಿ ಎರಡು ಹೋಳುಮಾಡಿ ಬಿತ್ತುವುದು ವಾಡಿಕೆ. ಮೊಳೆಯಲು ಎಂಟು ದಿನಗಳಿಂದ ಎರಡು ವಾರಗಳವರೆಗೆ ಬೇಕಾಗುತ್ತದೆ. ಕಿತ್ತು ಬೇರೆ ಕಡೆ ನೆಟ್ಟರೆ ಅದು ಸಹಿಸದಾದುದರಿಂದ ಬೆಳೆಯಬೇಕಾದ ಸ್ಥಳದಲ್ಲಿಯೇ ಬಿತ್ತತಕ್ಕದ್ದು.

ದೊಡ್ಡಪತ್ರೆಗೆ ಬೀಜದ ಗೊಡವೆಯೇ ಇಲ್ಲ. ಗೇಣುದ್ದದ ಒಂದು ಕಡ್ಡಿಯನ್ನು ಮುರಿದು, ಕೆಳಗಿನ ಎಲೆಗಳನ್ನು ತೆಗೆದು ಮಣ್ಣಿಗೆ ಊರಿದರೆ ಕೆಲವೇ ವಾರಗಳಲ್ಲಿ ಬೇರು ಬಿಟ್ಟು ಚಿಗುರುತ್ತದೆ. ಅದರ ದಪ್ಪನೆಯ ಎಲೆಯಲ್ಲಿಯೇ ನೀರಿನ ಸಂಗ್ರಹವಿರುವುದರಿಂದ ಒಂದೆರಡು ದಿನ ಮರೆತರೂ ಅದು ಮುನಿಯದು. ಅತಿಯಾಗಿ ಎರೆದರೆ ಮಾತ್ರ ಕೊಳೆಯುವುದು. ಪುದೀನವು ನೆಲದೊಳಗೇ ಬಳ್ಳಿಯನ್ನು ಹರಡಿ ನೆರೆಯವರ ಪಾತಿಯನ್ನು ಆಕ್ರಮಿಸುವ ಸ್ವಭಾವದ್ದು. ಅದನ್ನು ಬೇರೆಯ ಕುಂಡದಲ್ಲಿ ಬಂಧಿಸಿಡುವುದು ಕ್ಷೇಮ. ಒಂದೆಲಗವು ನೆಲದ ಮೇಲೆ ಹರಿದು, ಗೆಣ್ಣುಗೆಣ್ಣಿಗೂ ಬೇರೂರುತ್ತ ಮುಂದುವರಿಯುತ್ತದೆ. ಅದಕ್ಕೆ ಸದಾ ತೇವವಿರಬೇಕು. ಬಯಲಿನಲ್ಲಿ ಚರಂಡಿಯ ಅಂಚಿನಲ್ಲಿಯೂ ಬೆಳೆಯುವ ಸೊಪ್ಪಾದುದರಿಂದ, ಶುದ್ಧವಾದ ನೀರೆರೆದು ಮನೆಯಲ್ಲಿ ಬೆಳೆದುದೇ ತಿನ್ನಲು ಯೋಗ್ಯ.

ತುಳಸಿಯ ಬೀಜ ಬಹಳ ಸೂಕ್ಷ್ಮ. ಅದನ್ನು ಮಣ್ಣಿನ ಮೇಲೆ ಉದುರಿಸಿ, ಮುಚ್ಚಿಯೂ ಮುಚ್ಚದಂತೆ ಪುಡಿಮಣ್ಣನ್ನು ತೂರಿದರೆ ಸಾಕು. ಅದರ ಬಂಧುವಾದ ಕಾಮಕಸ್ತೂರಿಯ ಕೆಲವು ಬೀಜಗಳನ್ನು ಮಗುವಿನ ಕೈಗೆ ಕೊಟ್ಟು ನೀರಿನ ಬಟ್ಟಲಿಗೆ ಹಾಕಿಸಬೇಕು. ಕೆಲವು ನಿಮಿಷಗಳಲ್ಲಿಯೇ ಒಂದೊಂದು ಕರಿಯ ಕಾಳೂ ಬೂದುಬಣ್ಣದ ಲೋಳೆಯ ಅಂಗಿಯನ್ನು ತೊಟ್ಟುಕೊಳ್ಳುತ್ತದೆ.

ಗಿಡಗಳು ಬೆಳೆದ ಮೇಲೆ ಅವುಗಳ ಪರಿಚಯವನ್ನು ಮಾಡಿಸಬೇಕು. ಇಲ್ಲಿ ಬಾಯಿಪಾಠವು ಪ್ರಯೋಜನವಿಲ್ಲ. ಬೆರಳು, ಮೂಗು, ಕಣ್ಣುಗಳೇ ಉಪಾಧ್ಯಾಯರು. ತುಳಸಿ, ಕಾಮಕಸ್ತೂರಿ, ಪುದೀನ ಇವುಗಳ ಎಳೆಯ ಕಾಂಡವನ್ನು ಎರಡು ಬೆರಳುಗಳ ನಡುವೆ ಹೊರಳಿಸಿದರೆ ಅದು ದುಂಡಗಿರದೆ ಚಚ್ಚೌಕವಾಗಿರುವುದು ಗೊತ್ತಾಗುತ್ತದೆ. ಎಲೆಗಳು ಎದುರುಬದುರಾಗಿ ಎರಡೆರಡಿದ್ದು, ಒಂದು ಜೋಡಿಯ ಮೇಲೆ ಮುಂದಿನ ಜೋಡಿಯು ಅಡ್ಡಲಾಗಿ ನಿಂತಿರುವುದೂ ಕಾಣುತ್ತದೆ. ಈ ಮೂರೂ ಒಂದೇ ಕುಟುಂಬದ ಗಿಡಗಳೆಂಬುದನ್ನು ನಾವು ಹೇಳುವುದಕ್ಕೆ ಮುಂಚೆ ಮಗುವೇ ಕಂಡುಹಿಡಿಯಲಿ. ಕಣ್ಣಿಗೆ ಬಟ್ಟೆ ಕಟ್ಟಿ ವಾಸನೆಯಿಂದಲೇ ಗಿಡವನ್ನು ಗುರುತಿಸುವ ಆಟವು ಎಂಥ ಮಂದಾಸಕ್ತಿಯ ಮಗುವನ್ನೂ ಎಳೆದು ತರುತ್ತದೆ. ಹೆಸರುಗಳ ವಿಷಯದಲ್ಲಿ ಮಾತ್ರ ಜಾಗ್ರತೆ ಬೇಕು. ನಮ್ಮ ನಾಡಿನಲ್ಲಿ ಅನೇಕರು ಬ್ರಾಹ್ಮಿಯೆಂದು ಕರೆಯುವುದು ಒಂದೆಲಗವನ್ನು. ಆಯುರ್ವೇದದ ಗ್ರಂಥಗಳಲ್ಲಿ ಅದು ಮಂಡೂಕಪರ್ಣಿ. ನೀರುಬ್ರಾಹ್ಮಿಯೆಂಬುದು ಬೇರೆಯೇ ಒಂದು ಗಿಡ. ಒಂದೇ ಹೆಸರಿಗೆ ಎರಡು ಗಿಡಗಳೂ ಒಂದೇ ಗಿಡಕ್ಕೆ ಹತ್ತು ಹೆಸರುಗಳೂ ಇರುವ ದೇಶದಲ್ಲಿ, ಹೆಸರನ್ನು ಕೇಳಿದ ಮಾತ್ರಕ್ಕೆ ಗಿಡವು ಗೊತ್ತಾಯಿತೆಂದು ತಿಳಿಯಲಾಗದು.

ಸ್ಥಳವಿದ್ದವರು ಒಂದು ಕರಿಬೇವಿನ ಸಸಿಯನ್ನೂ ನೆಡಬೇಕು. ಅದು ನಿಧಾನದ ಗಿಡ. ಧಾರಾಳವಾಗಿ ಎಲೆ ಕೀಳಲು ಒಂದೆರಡು ವರ್ಷಗಳಾದರೂ ಕಾಯಬೇಕು. ಆದರೆ ಅದು ಇನ್ನೊಂದು ಪಾಠವನ್ನು ಒದಗಿಸುತ್ತದೆ. ಕರಿಬೇವು ನಿಂಬೆಯ ಕುಟುಂಬಕ್ಕೆ ಸೇರಿದುದಾದುದರಿಂದ, ನಿಂಬೆಯ ಗಿಡವನ್ನು ಹುಡುಕುವ ಚಿಟ್ಟೆಗಳು ಇದರ ಮೇಲೂ ಮೊಟ್ಟೆಯಿಡುತ್ತವೆ. ಮರಿಹುಳುವು ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ. ಬೆಳೆದ ಮೇಲೆ ಎಲೆಯಂತೆ ಹಸುರಾಗುತ್ತದೆ. ಮುಟ್ಟಿದರೆ ತಲೆಯ ಬಳಿಯಿಂದ ಕವಲೊಡೆದ ಕೊಂಬನ್ನು ಹೊರಚಾಚಿ ಘಾಟುವಾಸನೆಯನ್ನು ಬಿಡುತ್ತದೆ. ಅದು ಎಲೆಯನ್ನು ತಿನ್ನುವ ವೇಗವನ್ನು ಕಂಡರೆ, ತನ್ನ ಸಸಿಯನ್ನು ಮುದ್ದಿನಿಂದ ಸಾಕಿದ ಮಗುವಿಗೆ ಅಳುವೇ ಬರುತ್ತದೆ. ಹುಳುವನ್ನು ಕೊಲ್ಲಬೇಕೇ, ಸಸಿಯನ್ನು ಬಿಡಬೇಕೇ? ಈ ಪ್ರಶ್ನೆಯನ್ನು ಹಿರಿಯರು ತಾವೇ ತೀರ್ಮಾನಿಸದೆ ಮಗುವಿನ ಮುಂದಿಡಬೇಕು. ಒಂದೆರಡು ಹುಳುಗಳನ್ನು ಉಳಿಸಿ, ಉಳಿದವನ್ನು ಬಲಿತ ನಿಂಬೆಗಿಡವೊಂದಕ್ಕೆ ಸಾಗಿಸುವ ಮಧ್ಯಮಾರ್ಗವೂ ಉಂಟು. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯಿಂದ ಚಿಟ್ಟೆಯಾಗಲು ಹೆಚ್ಚುಕಡಿಮೆ ಒಂದು ತಿಂಗಳು ಹಿಡಿಯುತ್ತದೆ. ಚಿಟ್ಟೆಯಾಗಿ ಹಾರಿಹೋಗುವುದನ್ನು ಕಂಡ ಮೇಲೆ, ತಿಂದ ಎಲೆಗಳ ಲೆಕ್ಕವನ್ನು ಯಾವ ಮಗುವೂ ಕೇಳಲಾರದು.

ಬೆಳೆದುದು ಅಡಿಗೆಮನೆಗೆ ಸೇರಿದಾಗಲೇ ತೋಟವು ಸಾರ್ಥಕ. ಎಂಟು ಹತ್ತು ದೊಡ್ಡಪತ್ರೆಯ ಎಲೆಗಳನ್ನು ಜೀರಿಗೆ, ಮೆಣಸುಗಳೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಡನೆ ರುಬ್ಬಿ, ಮಜ್ಜಿಗೆ ಬೆರಸಿ ಒಗ್ಗರಣೆ ಕೊಟ್ಟರೆ ಮನೆಮಂದಿಗೆಲ್ಲ ತಂಬುಳಿಯಾಯಿತು. ಸೊಪ್ಪೆಂದರೆ ಮುಖ ತಿರುಗಿಸುವ ಮಗುವೂ ತಾನು ನೆಟ್ಟ ಗಿಡದ ತಂಬುಳಿಯನ್ನು ಎರಡನೆಯ ಸಲ ಬಡಿಸಿಕೊಳ್ಳುತ್ತದೆ. ಕೀಳುವಾಗ ಗಿಡದಲ್ಲಿ ಅರ್ಧಕ್ಕಿಂತ ಹೆಚ್ಚು ಎಲೆಗಳನ್ನು ಉಳಿಸಬೇಕೆಂಬುದನ್ನೂ, ತುಳಸಿಯ ತೆನೆಗಳನ್ನು ಆಗಾಗ ಚಿವುಟಿದರೆ ಎಲೆ ಹೆಚ್ಚುವುದೆಂಬುದನ್ನೂ ಹೇಳಿಕೊಡಬೇಕು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಎಲೆಗಳಲ್ಲಿ ಗುಣವಿದೆಯೆಂದು ಕಲಿಸುವವರು ಎಲೆಗಳಲ್ಲಿ ವಿಷವೂ ಇದೆಯೆಂದು ಅದೇ ದಿನ ಕಲಿಸತಕ್ಕದ್ದು. ಅರ್ಧವನ್ನು ಮಾತ್ರ ಹೇಳಿಕೊಟ್ಟ ತೋಟಕ್ಕಿಂತ ತೋಟವಿಲ್ಲದಿರುವುದೇ ವಾಸಿ. ನಮ್ಮ ಬೇಲಿಗಳಲ್ಲಿಯೂ ದೇವರ ಪೂಜೆಯ ಹೂಗಳಲ್ಲಿಯೂ ಕಾಣಬರುವ ಕಣಗಿಲೆಯು ಎಲೆ, ಹೂವು, ಕಡ್ಡಿ ಎಲ್ಲವೂ ವಿಷವಾದ ಗಿಡ. ಉಮ್ಮತ್ತಿಯ ಕಾಯಿ, ಹರಳಿನ ಬೀಜ, ಕೆಂಪಗೆ ಮಿನುಗುವ ಗುಲಗಂಜಿ ಇವೂ ಅಪಾಯಕರ. ಲೋಳೆಸರದ ಸಿಪ್ಪೆಯ ಕೆಳಗಿನ ಹಳದಿ ರಸವು ಹೊಟ್ಟೆಯನ್ನು ಕೆಡಿಸುತ್ತದೆ. ಮಕ್ಕಳನ್ನು ಜೊತೆಯಲ್ಲಿ ಕರೆದುಕೊಂಡು ಬೀದಿಯನ್ನು ಒಮ್ಮೆ ಸುತ್ತಿ, ಇವುಗಳಲ್ಲಿ ಕಂಡುದನ್ನು ಬೆರಳಿಟ್ಟು ತೋರಿಸಬೇಕು. 'ಹೆಸರು ತಿಳಿಯದ ಎಲೆಯನ್ನು ಬಾಯಿಗಿಡಬಾರದು. ಹೆಸರು ತಿಳಿದುದನ್ನೂ ಹಿರಿಯರನ್ನು ಕೇಳದೆ ತಿನ್ನಬಾರದು' ಎಂಬುದು ತೋಟದ ಒಂದೇ ಕಾನೂನು.

ಗುಣಕ್ಕೂ ವಿಷಕ್ಕೂ ನಡುವೆ ಇರುವುದು ಪ್ರಮಾಣವೆಂಬುದಕ್ಕೆ ನಿತ್ಯಪುಷ್ಪದ ಗಿಡಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಮಡಗಾಸ್ಕರ್ ದ್ವೀಪದಿಂದ ಬಂದು ನಮ್ಮ ಅಂಗಳಗಳಲ್ಲಿ ನೆಲಸಿರುವ ಈ ಗಿಡದಿಂದ ವಿನ್‌ಕ್ರಿಸ್ಟೀನ್ ಎಂಬ ಔಷಧವನ್ನು ಬೇರ್ಪಡಿಸಿದರು. 1963ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಅದನ್ನು ಬಳಸುತ್ತಾರೆ. ವೈದ್ಯರು ಅಳೆದು ಕೊಡುವ ಆ ಔಷಧವು ಎಷ್ಟೋ ಮಕ್ಕಳ ಪ್ರಾಣವನ್ನು ಉಳಿಸಿದೆ. ಅದೇ ಗಿಡದ ಎಲೆಯನ್ನು ಅಂಗಳದಲ್ಲಿ ಕಿತ್ತು ಅಗಿದರೆ ಅದು ವಿಷ.

ಆದುದರಿಂದ ನಮ್ಮ ಕೈದೋಟವು ವೈದ್ಯಶಾಲೆಯಲ್ಲವೆಂಬುದನ್ನು ಹಿರಿಯರೂ ಮರೆಯಬಾರದು. ನೆಗಡಿಗೆ ತುಳಸಿಯ ಕಷಾಯವು ಬೆಚ್ಚಗಿನ ಹಿತವನ್ನುಂಟುಮಾಡಬಹುದು. ಆದರೆ ಜ್ವರವು ಏರಿದರೆ, ಉಸಿರಾಟವು ಕಷ್ಟವಾದರೆ, ಮಗು ಆಹಾರವನ್ನು ಬಿಟ್ಟು ಮಂಕಾಗಿ ಮಲಗಿದರೆ, ಎಲೆಗಳನ್ನು ಅರೆಯುತ್ತ ಕೂರದೆ ವೈದ್ಯರ ಬಳಿಗೆ ಹೋಗಬೇಕು. ಒಂದು ವರ್ಷ ತುಂಬದ ಕೂಸಿಗೆ ತುಳಸಿಯ ರಸದೊಡನೆ ಜೇನನ್ನು ನೆಕ್ಕಿಸುವ ಪದ್ಧತಿಯನ್ನೂ ಬಿಡಬೇಕು. ಜೇನಿನಲ್ಲಿರಬಹುದಾದ ಒಂದು ರೋಗಾಣುವು ಅಷ್ಟು ಎಳೆಯ ಕರುಳಿನಲ್ಲಿ ಬೆಳೆದು ಪ್ರಾಣಕ್ಕೆ ಅಪಾಯವನ್ನು ತರುವುದುಂಟು. ಗಿಡಗಳನ್ನು ಚೆನ್ನಾಗಿ ಬಲ್ಲವರಿಗೆ ಅವುಗಳಿಂದ ಏನು ಆಗದೆಂಬುದೂ ಗೊತ್ತಿರುತ್ತದೆ.

ಇಷ್ಟನ್ನು ಕೇಳಿದ ತಾಯಿತಂದೆಗಳು ಕುಂಡವನ್ನೂ ಮಣ್ಣನ್ನೂ ಗೊತ್ತುಮಾಡಿಕೊಂಡ ಮೇಲೆ ನೋಡೋಣವೆಂದು ಕಾಯಬೇಕಾದುದಿಲ್ಲ. ಇಂದಿನ ರಾತ್ರಿಯೇ, ಊಟವಾದ ಮೇಲೆ, ಒಂದು ಹಿಡಿ ಮೆಂತ್ಯವನ್ನು ಮಗುವಿನ ಕೈಯಿಂದಲೇ ನೀರಿಗೆ ಹಾಕಿಸಿರಿ. ಮನೆಯಲ್ಲಿ ಅಜ್ಜಿಯಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಅವರು ಬಲ್ಲ ಗಿಡಗಳ ಹೆಸರುಗಳನ್ನು ಅವರು ಹೇಳುತ್ತಿರಲಿ, ಮಗು ಬರೆದುಕೊಳ್ಳುತ್ತಿರಲಿ. ಬೆಳಿಗ್ಗೆ ಬಿತ್ತುವುದಕ್ಕೆ ಕಾಳುಗಳು ಸಿದ್ಧವಾಗಿರುತ್ತವೆ.